ಎಷ್ಟು ಬಟ್ಟೆ ಸಾಕು?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

ಮುಖ್ಯೋಪಾಧ್ಯಾಯರು ಫೋನ್ ಮಾಡಿ, ‘ಮೇಡಂ, ಸರಳ ಜೀವನದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ’ ಎಂದರು. ಒಪ್ಪಿಕೊಂಡುಬಿಟ್ಟೆ. ಆಮೇಲೆ ಯೋಚನೆ ಶುರುವಾಯಿತು. ಸರಳ ಜೀವನ ಎಂದು ಹೇಳಲು ನನಗೇನು ಅರ್ಹತೆ? ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಂಬಳ ತೆಗೆದುಕೊಂಡವಳು ನಾನು. ಕಡೆಗೆ, ದೊಡ್ಡ ಮಾತು ಬೇಡ, ನನಗೆ ಗೊತ್ತಿರುವ ಒಂದೇ ವಿಷಯ ಹೇಳೋಣ ಎಂದು ತೀರ್ಮಾನಿಸಿದೆ. ಆ ವಿಷಯ ಬಟ್ಟೆ.

ನಾನು 1984ರ ಜೂನ್‌ನಲ್ಲಿ ಈ ಶಾಲೆಯ ಎಂಟನೇ ತರಗತಿಗೆ ಸೇರಿದೆ. ಮನೆಯಿಂದ ಶಾಲೆಗೆ ನಾಲ್ಕು ಮೈಲಿ. ಮಧ್ಯೆ ಒಂದು ಹಳ್ಳ, ಒಂದು ಕಾಡುದಾರಿ. ನನಗಿದ್ದದ್ದು ಒಂದೇ ಜೊತೆ ಸಮವಸ್ತ್ರ, ನೀಲಿ ಲಂಗ ಮತ್ತು ಬಿಳಿ ರವಿಕೆ. ನಮ್ಮ ಮಳೆಗಾಲ ನಿಮಗೆಲ್ಲ ಗೊತ್ತೇ ಇದೆ. ಆಗುಂಬೆಯ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಎಂದು ಭೂಗೋಳದ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಮ್ಮೂರಿನಲ್ಲಿ ಅಷ್ಟಿಲ್ಲದಿದ್ದರೂ ಆ ಲೆಕ್ಕ ನಮಗೆ ಬೋರ್ಡಿನ ಮೇಲಲ್ಲ, ಮೈಮೇಲೇ ತಿಳಿಯುತ್ತಿತ್ತು. ಶಾಲೆ ಮುಟ್ಟುವ ಹೊತ್ತಿಗೆ ಮೊಣಕಾಲಿನವರೆಗೆ ಲಂಗ ಒದ್ದೆ, ಕಾಲಿನಲ್ಲಿ ಎರಡೋ ಮೂರೋ ಉಂಬಳ. ಸಂಜೆ ಮನೆಗೆ ಹೋಗಿ ಲಂಗ ತೊಳೆದು, ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರ ಗಳಕ್ಕೆ ಹಾಕಬೇಕು. ಬೆಳಿಗ್ಗೆ ತೆಗೆದರೆ ಸೊಂಟದ ಪಟ್ಟಿ, ನೆರಿಗೆ, ಅಂಚು ಇನ್ನೂ ಹಸಿ. ಅದನ್ನೇ ಉಟ್ಟು ಹೊರಡುವುದು. ತರಗತಿಯಲ್ಲಿ ನಾವು ಹುಡುಗಿಯರೆಲ್ಲ ಹೊಗೆವಾಸನೆ ಹೊತ್ತುಕೊಂಡೇ ಕೂರುತ್ತಿದ್ದೆವು.

ಜುಲೈಯಲ್ಲಿ ಒಂದು ರಾತ್ರಿ ಒಲೆಯ ಕಿಡಿ ಹಾರಿ ಲಂಗ ಅಂಗೈ ಅಗಲ ಸುಟ್ಟುಹೋಯಿತು. ಅಪ್ಪಯ್ಯನ ಕೈಯಲ್ಲಿ ದುಡ್ಡಿರಲಿಲ್ಲ. ಅಡಿಕೆ ಕೊಯ್ಲಾಗಿ ಮಂಡಿಗೆ ಹೋಗುವವರೆಗೆ ದುಡ್ಡು ಇರುತ್ತಲೂ ಇರಲಿಲ್ಲ. ಸಮವಸ್ತ್ರ ಇಲ್ಲದೆ ಬಂದವರನ್ನು ಜಗಲಿಯ ಮೇಲೆ ನಿಲ್ಲಿಸುವುದು ಆಗಿನ ಪದ್ಧತಿ. ಎಲ್ಲರೆದುರು ನಿಲ್ಲುವ ಬದಲು ಮನೆಯಲ್ಲೇ ಇರುತ್ತೇನೆಂದು ಉಳಿದುಬಿಟ್ಟೆ. ಒಂದು ದಿನ ಹೋಗಿ ಎಂಟು ದಿನವಾಯಿತು. ‘ಇನ್ನು ಶಾಲೆ ಸಾಕು, ಗದ್ದೆ ನಾಟಿಗೆ ಜನ ಬೇಕು’ ಎನ್ನುವ ಮಾತು ಮನೆಯಲ್ಲಿ ಮೆಲ್ಲಗೆ ಏಳತೊಡಗಿತ್ತು.

ಒಂಬತ್ತನೇ ದಿನ ನಮ್ಮ ಟೀಚರೊಬ್ಬರು ಕೊಡೆ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಹಳ್ಳ ದಾಟಿ ಬಂದಿದ್ದರು, ಅವರ ಸೀರೆಯೂ ಮೊಣಕಾಲಿನವರೆಗೆ ಒದ್ದೆ. ಸುಟ್ಟ ಲಂಗ ನೋಡಿ ಅಮ್ಮನಿಗೆ, ‘ಬಟ್ಟೆ ಒಣಗದಿದ್ದರೆ ಮನೆ ಲಂಗದಲ್ಲೇ ಕಳಿಸಿ. ಬಟ್ಟೆಗಾಗಿ ಶಾಲೆ ಬಿಡಿಸಬೇಡಿ’ ಎಂದರು. ಮರುದಿನ ಹಸಿರು ಚೌಕುಳಿ ಲಂಗದಲ್ಲಿ ಬಂದೆ. ಯಾರೂ ಜಗಲಿಯ ಮೇಲೆ ನಿಲ್ಲಿಸಲಿಲ್ಲ. ಆ ವರ್ಷದಿಂದ ಆಗಸ್ಟ್ ಮುಗಿಯುವವರೆಗೆ ಯಾವ ಬಣ್ಣದ ಬಟ್ಟೆಯಾದರೂ ಆದೀತು ಎಂದಾಯಿತು. ಅದನ್ನು ಯಾರೂ ಆದೇಶ ಎಂದು ಬರೆದಿಡಲಿಲ್ಲ. ಆದರೆ ಆ ಒಂದು ಮಾತಿನಿಂದ ಎಷ್ಟು ಹುಡುಗಿಯರು ಹತ್ತನೇ ತರಗತಿ ಮುಟ್ಟಿದರೋ! ಅವರಲ್ಲಿ ನಾನೊಬ್ಬಳು.

ಈಗ ನಲವತ್ತು ವರ್ಷ ಮುಂದೆ ಬನ್ನಿ. ನಾನಿರುವುದು ಬೆಂಗಳೂರಿನಲ್ಲಿ. ಒಂದು ಭಾನುವಾರ ನನ್ನ ಮಗಳು ಬೀರು ತೆರೆದು, ‘ಅಮ್ಮ, ಇಷ್ಟೊಂದು ಬಟ್ಟೆ ಇಟ್ಕೊಂಡು ಏನ್ ಮಾಡ್ತೀಯಾ? ಕಡಿಮೆ ಮಾಡು. ಮನಸ್ಸೂ ಹಗುರ ಆಗತ್ತೆ’ ಎಂದಳು. ಅವಳ ಗೆಳತಿಯರೆಲ್ಲ ಹಾಗೆ ಮಾಡಿದ್ದಾರಂತೆ. ಕೇಳುತ್ತಾ ಹೋದರೆ ಇದಕ್ಕೆ ಒಂದು ಚರಿತ್ರೆಯೇ ಇದೆ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೂಸಿ ಫೋ ಎಂಬಾಕೆ, ಒಂದಕ್ಕೊಂದು ಹೊಂದುವ ಕೆಲವೇ ಒಳ್ಳೆಯ ಬಟ್ಟೆ ಇಟ್ಟುಕೊಳ್ಳಿ ಎಂದು ಹೇಳಲು ಶುರುಮಾಡಿದರು. 1985ರಲ್ಲಿ ಅಮೆರಿಕದ ವಿನ್ಯಾಸಕಿ ಡೊನ್ನಾ ಕರನ್, ಕೆಲಸಕ್ಕೆ ಹೋಗುವ ಹೆಂಗಸಿಗೆ ಏಳು ಉಡುಪು ಸಾಕು ಎಂದು ಏಳನ್ನು ಹೊಲಿದು ತೋರಿಸಿದರು. 2010ರಲ್ಲಿ ಅಮೆರಿಕದವರೇ ಆದ ಕೋರ್ಟ್ನಿ ಕಾರ್ವರ್, ಮೂರು ತಿಂಗಳಿಗೆ ಮೂವತ್ಮೂರೇ ಎಂಬ ಲೆಕ್ಕ ಹಾಕಿದರು. ಚಪ್ಪಲಿ, ಒಡವೆ ಎಲ್ಲ ಆ ಮೂವತ್ಮೂರರೊಳಗೇ ಬರಬೇಕು. ಜಪಾನಿನ ಮಾರಿ ಕೊಂಡೋ, ಕೈಯಲ್ಲಿ ಹಿಡಿದಾಗ ಸಂತೋಷ ಕೊಡದ ವಸ್ತುವನ್ನು ಬಿಟ್ಟುಬಿಡಿ ಎಂದರು.

ನಾನೂ ಉತ್ಸಾಹದಿಂದ ಕೂತೆ. ಬ್ಯಾಂಕಿನವಳಲ್ಲವೇ, ಎಣಿಸುವುದು ರೂಢಿ. ಮೂರು ದೊಡ್ಡ ಚೀಲ ತುಂಬಿ ಕೊಟ್ಟುಬಿಟ್ಟೆ. ಹಳೆಯ ನೂಲಿನ ಸೀರೆಗಳೆಲ್ಲ ಹೋದವು. ಬೀರು ಚೆಂದ ಕಂಡಿತು. ಸುಳ್ಳು ಹೇಳಬಾರದು, ಒಂದು ವಾರ ಮನಸ್ಸೂ ಹಗುರವಾಗಿತ್ತು.

ಆ ಜುಲೈಯಲ್ಲಿ ಅಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾನು ಒಂದು ಸಣ್ಣ ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ ಹಾಕಿಕೊಂಡು ತವರಿಗೆ ಬಂದೆ. ಹಾಸಿಗೆ ಹಿಡಿದವರ ಆರೈಕೆ ಮಾಡಿದವರಿಗೆ ಗೊತ್ತು, ದಿನಕ್ಕೆ ಎರಡು ಸಲ, ಮೂರು ಸಲ ಬಟ್ಟೆ ಬದಲಿಸಬೇಕು. ಹೊರಗೆ ಮಳೆ ಬಿಡುವಿಲ್ಲ. ಎರಡನೇ ದಿನಕ್ಕೆ ನನ್ನ ನಾಲ್ಕೂ ಜೊತೆ ಗಳದ ಮೇಲೆ ಹಸಿಯಾಗಿ ತೂಗುತ್ತಿದ್ದವು. ಅಮ್ಮನ ಕೆಳಗೆ ಹಾಸಲು ಮೆತ್ತನೆಯ ಹಳೇ ನೂಲಿನ ಸೀರೆ ಬೇಕಾಯಿತು. ಅದನ್ನೇ ನಾನು ಬೆಂಗಳೂರಿನಲ್ಲಿ ಚೀಲ ತುಂಬಿ ಕೊಟ್ಟಿದ್ದೆ! ಕೊನೆಗೆ ಅತ್ತಿಗೆಯ ಸೀರೆ ಉಟ್ಟೆ. ಅತ್ತಿಗೆ ನಗುತ್ತಾ, ‘ಬಟ್ಟೆ ಕಡಿಮೆ ಮಾಡ್ಕಂಡಿದೀಯಂತೆ ಮಾರಾಯ್ತಿ, ಹಂಗೇ ಮಳೆನೂ ಒಂಚೂರು ಕಡಿಮೆ ಮಾಡ್ಕಂಡು ಬರದಲ್ವಾ?’ ಎಂದರು. ನಾನೂ ನಕ್ಕೆ. ಆದರೆ ಮಾತು ಒಳಗೆ ನಾಟಿತು.

ಆಮೇಲೆ ಅತ್ತಿಗೆಯ ಬಟ್ಟೆಗಳನ್ನು ಗಮನಿಸಿದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರುವಾಗ ಎರಡು ಸೀರೆ ಬೇರೆ. ಚೊಗರು ತಾಗಿದರೆ ಆ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಕೊಟ್ಟಿಗೆಗೆ ಎರಡು. ಗದ್ದೆ ತೋಟಕ್ಕೆ ಅಣ್ಣನ ಹಳೇ ತುಂಬುತೋಳಿನ ಅಂಗಿ ಎರಡು. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಔಷಧಿ ಹೊಡೆಯುವ ದಿನ ಅಣ್ಣ ಹಾಕುವ ಬಟ್ಟೆ ಬೇರೆಯೇ, ಅದು ನೀಲಿಗಟ್ಟಿ ಹಲಗೆಯಾಗಿರುತ್ತದೆ. ಮನೆಯೊಳಗೆ ಉಡಲು ಐದಾರು, ಮಳೆಗಾಲಕ್ಕೆಂದೇ ಮೂರು ನಾಲ್ಕು ಹೆಚ್ಚಿಗೆ. ಸೊಸೈಟಿ, ಆಸ್ಪತ್ರೆ, ಶಾಲೆಯ ಸಭೆಗೆ ನಾಲ್ಕು. ಮದುವೆ ಮುಂಜಿಗೆ ರೇಷ್ಮೆ ಎರಡು. ಒಂದೊಂದಕ್ಕೂ ಒಂದೊಂದು ಕೆಲಸವಿದೆ.

ಮೂವತ್ಮೂರರ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಕೇಳಿ. ಅದರಲ್ಲಿ ಮನೆಯೊಳಗೆ ವಿಶ್ರಾಂತಿಗೆ ಹಾಕುವ ಬಟ್ಟೆ ಲೆಕ್ಕಕ್ಕಿಲ್ಲ, ಹೊರಗೆ ಹೋಗುವಾಗ ಹಾಕುವುದಷ್ಟೇ ಲೆಕ್ಕ. ನಮ್ಮ ಅತ್ತಿಗೆಗೆ ಮನೆ, ಕೊಟ್ಟಿಗೆ, ತೋಟ ಇವೇ ಕೆಲಸದ ಜಾಗ. ಆ ಲೆಕ್ಕ ಹಾಕಿದವರ ಮನಸ್ಸಿನಲ್ಲಿ ಇಂಥ ಹೆಂಗಸು ಇರಲೇ ಇಲ್ಲ. ಅವರದು ತಪ್ಪು ಎನ್ನುತ್ತಿಲ್ಲ. ಬಟ್ಟೆ ಒಣಗಿಸುವ ಯಂತ್ರವಿರುವವರಿಗೆ, ವರ್ಷವಿಡೀ ಒಂದೇ ಬಗೆಯ ಕಚೇರಿ ಕೆಲಸ ಇರುವವರಿಗೆ, ಬೇಕೆಂದಾಗ ಹೋಗಿ ಕೊಳ್ಳಬಲ್ಲವರಿಗೆ ಆ ಲೆಕ್ಕ ಸರಿ. ನಮ್ಮಂಥ ಊರಿಗೆ ಅದನ್ನು ಹಾಗೆಯೇ ತಂದು, ‘ನೀನು ಇಷ್ಟು ಇಟ್ಟುಕೊಂಡಿದ್ದೀಯಲ್ಲ’ ಎಂದು ನಾಚಿಕೆಪಡಿಸುವುದು ಸರಿಯಲ್ಲ.

ಸರಳತೆ ಎಂದ ಕೂಡಲೇ ಗಾಂಧೀಜಿಯ ಹೆಸರು ಬರುತ್ತದೆ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅವರು ಅಂಗಿ ಟೊಪ್ಪಿ ಬಿಟ್ಟು ತುಂಡುಪಂಚೆ ಉಟ್ಟದ್ದು ಎಲ್ಲರಿಗೂ ಗೊತ್ತು. ಎಲ್ಲರೂ ಹೀಗೇ ಉಡಬೇಕೆಂದು ತಾನು ಬಯಸುವುದಿಲ್ಲ ಎಂದು ಆಗಲೇ ಅವರು ಸ್ಪಷ್ಟವಾಗಿ ಹೇಳಿದ್ದನ್ನು ನಾವು ಮರೆಯುತ್ತೇವೆ. ಅದಕ್ಕೂ ಮೊದಲು, 1917ರಲ್ಲಿ ಚಂಪಾರಣ್ಯದಲ್ಲಿ ನಡೆದದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಭಿತಿಹರ್ವಾ ಹತ್ತಿರದ ಒಂದು ಪುಟ್ಟ ಹಳ್ಳಿಯಲ್ಲಿ ಕೆಲವು ಹೆಂಗಸರ ಬಟ್ಟೆ ತುಂಬ ಕೊಳೆಯಾಗಿತ್ತು. ಏಕೆ ಒಗೆಯುವುದಿಲ್ಲವೆಂದು ಕೇಳುವಂತೆ ಕಸ್ತೂರಬಾಗೆ ಹೇಳಿದರು. ಅಲ್ಲಿ ಒಬ್ಬಾಕೆ ಕಸ್ತೂರಬಾರನ್ನು ಗುಡಿಸಲೊಳಗೆ ಕರೆದೊಯ್ದು, ಪೆಟ್ಟಿಗೆಯೂ ಇಲ್ಲ, ಬೀರುವೂ ಇಲ್ಲ, ಮೈಮೇಲಿರುವ ಈ ಒಂದೇ ಸೀರೆ, ಇದನ್ನು ಒಗೆಯುವುದು ಹೇಗೆ ಎಂದು ತೋರಿಸಿದಳು. ಇನ್ನೊಂದು ಸೀರೆ ಕೊಡಿಸಿದರೆ ದಿನವೂ ಮಿಂದು ಮಡಿ ಉಡುತ್ತೇನೆ ಎಂದಳು.

ಮಕ್ಕಳೇ, ಇದನ್ನು ನೆನಪಿಡಿ. ಗಾಂಧೀಜಿಯ ತುಂಡುಪಂಚೆ ಸರಳತೆ, ಏಕೆಂದರೆ ಅದು ಅವರ ಆಯ್ಕೆ. ಆ ತಾಯಿಯ ಒಂದೇ ಸೀರೆ ಸರಳತೆಯಲ್ಲ, ಅದು ಕೊರತೆ. ನನ್ನ ಒಂದೇ ಲಂಗವೂ ಕೊರತೆಯೇ. ಇದ್ದವರು ಬಿಟ್ಟದ್ದನ್ನೂ ಇಲ್ಲದವರು ಅನುಭವಿಸಿದ್ದನ್ನೂ ಒಂದೇ ಹೆಸರಿನಿಂದ ಕರೆಯಬಾರದು.

ಇನ್ನೊಂದು ಮಾತು ಹೇಳಲೇಬೇಕು, ಹಿರಿಯರು ಕ್ಷಮಿಸಬೇಕು. ನಾವು ಓದುವಾಗ ತಿಂಗಳ ಆ ದಿನಗಳಲ್ಲಿ ಹಳೆಯ ಸೀರೆಯ ತುಂಡುಗಳೇ ಗತಿ. ಅದನ್ನು ಬಿಸಿಲಿಗೆ ಹಾಕುವಂತಿರಲಿಲ್ಲ, ಯಾರಿಗೂ ಕಾಣದಂತೆ ಅಟ್ಟದ ಮೂಲೆಯಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಅದು ಒಣಗದೆ ಬೂಷ್ಟು ಹಿಡಿಯುತ್ತಿತ್ತು. ಅದಕ್ಕೇ ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದಷ್ಟೇ ಬೀಳುತ್ತಿತ್ತು, ಕಾರಣ ಯಾರೂ ಕೇಳುತ್ತಿರಲಿಲ್ಲ. ಶುಚಿ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುವುದೆಂದು ಕೇಳಿದಾಗ ನನಗೆ ಕಣ್ಣು ತುಂಬಿ ಬಂದದ್ದು ಇದಕ್ಕೇ.

ಹಾಗಾದರೆ ಬೀರು ತುಂಬಾ ಕೊಂಡುಕೊಳ್ಳಿ ಎನ್ನುತ್ತಿದ್ದೇನೆಯೇ? ಖಂಡಿತ ಇಲ್ಲ. ನನ್ನ ಮಗಳ ಮಾತಿನಲ್ಲೂ ಅರ್ಧ ಸತ್ಯವಿದೆ. ಈಗ ಒಂದು ಮದುವೆಗೆ ಹೋದರೆ ಮನೆಯ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಡಬೇಕು, ಆ ಸೀರೆ ಮುಂದಿನ ಮದುವೆಗೆ ಆಗದು. ಮಡಿಲು ತುಂಬಿದ ರವಿಕೆ ಕಣ ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಸಾಲ ಮಾಡಿ ಜವಳಿ ತೆಗೆದವರನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ಕಂಡಿದ್ದೇನೆ. ಹಿಂದೆ ಒಂದು ನೂಲಿನ ಸೀರೆ ಹಳೆಯದಾದರೆ ಮಗುವಿನ ಜೋಲಿಯಾಗುತ್ತಿತ್ತು, ಆಮೇಲೆ ಕೌದಿಯಾಗುತ್ತಿತ್ತು, ಕೊನೆಗೆ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತಿತ್ತು. ಈಗಿನ ಪಾಲಿಯೆಸ್ಟರ್ ನೀರನ್ನೇ ಹೀರುವುದಿಲ್ಲ, ಬೆಂಕಿಯ ಹತ್ತಿರ ಹಿಡಿದರೆ ಕರಗಿ ಕೈಗೆ ಅಂಟುತ್ತದೆ. ಅದು ಕೊನೆಗೆ ಸೇರುವುದು ರಸ್ತೆಬದಿಯ ಚರಂಡಿಗೆ.

ಅದಕ್ಕೇ ಎಷ್ಟು ಬಟ್ಟೆ ಸಾಕು ಎನ್ನುವುದಕ್ಕೆ ನಾನು ಸಂಖ್ಯೆ ಹೇಳುವುದಿಲ್ಲ. ಮೂರು ಪ್ರಶ್ನೆ ಹೇಳುತ್ತೇನೆ. ಇದನ್ನು ಯಾವ ಕೆಲಸಕ್ಕೆ ಉಡುತ್ತೇನೆ? ಇದು ಒಣಗಲು ಎಷ್ಟು ದಿನ ಬೇಕು? ಇದನ್ನು ಒಗೆಯುವವರು ಯಾರು? ಮೂರನೇ ಪ್ರಶ್ನೆ ವಿಶೇಷವಾಗಿ ಗಂಡುಮಕ್ಕಳಿಗೆ. ದಿನಕ್ಕೆ ಎರಡು ಅಂಗಿ ಬದಲಿಸುವ ಮೊದಲು ಒಮ್ಮೆ ಅಮ್ಮನ ಕೈ ನೋಡಿ. ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಹದಿನೈದಾದರೂ ಸರಿ, ನಲವತ್ತಾದರೂ ಸರಿ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಕೊನೆಯದಾಗಿ ಒಂದು ಸಣ್ಣ ವಿಷಯ. ವಿದ್ಯಾವಿಕಾಸ ಯೋಜನೆಯಿಂದ ಮಕ್ಕಳಿಗೆ ಈಗ ಸಮವಸ್ತ್ರ ಸಿಗುತ್ತಿದೆ. ಆದರೂ ಮಳೆ ಹಾಗೆಯೇ ಇದೆ, ಹಳ್ಳವೂ ಹಾಗೆಯೇ ಇದೆ. ನಮ್ಮ ತಂಡದ ಗೆಳೆಯ ಗೆಳತಿಯರು ಸೇರಿ ಶಾಲೆಗೆ ಒಂದು ಕಬ್ಬಿಣದ ಬೀರು ಕೊಡುತ್ತಿದ್ದೇವೆ. ಅದರಲ್ಲಿ ಬೇರೆ ಬೇರೆ ಅಳತೆಯ ಮೂವತ್ತು ಜೊತೆ ಸಮವಸ್ತ್ರ, ಟವೆಲು ಇರುತ್ತವೆ. ಒದ್ದೆಯಾಗಿ ಬಂದ ಮಗು ಹೆಸರು ಬರೆಸದೆ, ಕಾರಣ ಹೇಳದೆ ಬದಲಿಸಿಕೊಂಡು, ಒಗೆದು ತಂದಿಟ್ಟರೆ ಸಾಕು. ಬಿಸಿಯೂಟದ ಕೋಣೆಯ ಪಕ್ಕದ ಜಗಲಿಯಲ್ಲಿ ಬಟ್ಟೆ ಒಣಹಾಕಲು ನಾಲ್ಕು ಸಾಲು ತಂತಿ ಕಟ್ಟಿಸುವುದಾಗಿ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬೀರುವಿನ ಬೀಗದ ಕೈ ಹತ್ತನೇ ತರಗತಿಯ ಹುಡುಗಿಯರ ಹತ್ತಿರವೇ ಇರಲಿ ಎಂದು ಕೇಳಿಕೊಂಡಿದ್ದೇನೆ.

ಅಂದು ಕೊಡೆ ಹಿಡಿದು ನಮ್ಮ ಅಂಗಳಕ್ಕೆ ಬಂದ ಟೀಚರು ಈಗಿಲ್ಲ. ಅವರು ಹೇಳಿದ ಮಾತನ್ನು ನಿಮ್ಮ ಕೈಗೆ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ. ಬಟ್ಟೆಗಾಗಿ ಶಾಲೆ ಬಿಡಿಸಬೇಡಿ.