ಬಾಟಲಿಯೊಳಗೆ ಏನಿದೆ?
(ಧರಮಪೇಠದ ನಮ್ಮ ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಕಂಪೌಂಡರನೂ ಅಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವ ಕಾರಕೂನ, ಓದಿದ್ದು ಮ್ಯಾಟ್ರಿಕ್‌ವರೆಗೆ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಸೋದರಮಾವನವರು ವಾಂತಿ ಭೇದಿಯಿಂದ ಮಲಗಿದಾಗ ಅವರ ಮಂಚದ ಪಕ್ಕದಲ್ಲಿ ನಾಲ್ಕು ರಾತ್ರಿ ಕುಳಿತೆ. ಅಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಹೇಳುವ ಸಲುವಾಗಿಯೇ ಈ ವಿಷಯ ಆರಿಸಿಕೊಂಡಿದ್ದೇನೆ.

ನಮ್ಮ ಜನರ ಬಾಯಲ್ಲಿ ತೂಗುಹಾಕಿದ ಬಾಟಲಿಗೆಲ್ಲ ಒಂದೇ ಹೆಸರು: ‘ಗ್ಲೂಕೋಸ್’. ಇಲ್ಲಿಯ ಮರಾಠಿ ನೆರೆಯವರಿಗೆ ಎಲ್ಲವೂ ‘ಸಲಾಯಿನ್’. ಬಿಸಿಲಿಗೆ ತಲೆ ತಿರುಗಿತು, ಜ್ವರ ಬಂದು ಕಾಲು ಸೋತವು ಎಂದರೆ ಸಾಕು, “ಡಾಕ್ಟರ್ ಸಾಹೇಬರೇ, ಒಂದು ಬಾಟಲಿ ಹಚ್ಚಿಬಿಡಿ, ನಾಳೆ ಪಾಳಿಗೆ ಹೋಗಬೇಕು” ಎನ್ನುತ್ತೇವೆ. ಬಾಟಲಿ ಎಂದರೆ ಶಕ್ತಿ ಎಂದು ನಮ್ಮ ತಿಳುವಳಿಕೆ. ಲೆಕ್ಕ ಹಾಕಿ ನೋಡೋಣ. ಶೇಕಡಾ 5ರ ಡೆಕ್ಸ್‌ಟ್ರೋಸ್ ಎಂಬುದೇ ನಿಜವಾದ ಗ್ಲೂಕೋಸ್ ಬಾಟಲಿ. 500 ಮಿಲಿಲೀಟರಿನಲ್ಲಿ ಸಕ್ಕರೆ 25 ಗ್ರಾಂ, ಅಂದರೆ ಐದಾರು ಚಮಚೆ. ಅದರಿಂದ ದೊರೆಯುವ ಶಕ್ತಿ ಒಂದು ಜೋಳದ ರೊಟ್ಟಿಗಿಂತ ಹೆಚ್ಚಲ್ಲ. ರೊಟ್ಟಿಗೆ ಸೂಜಿ ಬೇಕಿಲ್ಲ!

ಹಾಗಾದರೆ ಬಾಟಲಿ ಬರಿಯ ನೀರೇ ಎಂದು ಕೇಳಬಹುದು. ಅದೂ ಅಲ್ಲ. ಬರಿಯ ನೀರನ್ನು ನರದೊಳಗೆ ಬಿಟ್ಟರೆ ರಕ್ತದ ಕಣಗಳು ಉಬ್ಬಿ ಒಡೆದುಹೋಗುತ್ತವೆ. ಆದ್ದರಿಂದ ರಕ್ತಕ್ಕೆ ಹೊಂದುವಷ್ಟು ಉಪ್ಪನ್ನೋ ಸಕ್ಕರೆಯನ್ನೋ ಕೂಡಿಸುತ್ತಾರೆ. ನಾರ್ಮಲ್ ಸಲಾಯಿನಿನಲ್ಲಿ ಲೀಟರಿಗೆ 9 ಗ್ರಾಂ ಅಡಿಗೆಯ ಉಪ್ಪೇ ಇರುತ್ತದೆ. ಅದು ಬಹುಮಟ್ಟಿಗೆ ಜೀವಕೋಶಗಳ ಹೊರಗೆ ಉಳಿದು, ಸ್ವಲ್ಪ ಭಾಗ ನರದೊಳಗೇ ನಿಂತು ರಕ್ತದೊತ್ತಡವನ್ನು ಎತ್ತಿಹಿಡಿಯುತ್ತದೆ. ರಕ್ತ ಕೊಡುವಾಗ ಅದೇ ನಳಿಕೆಯಲ್ಲಿ ಜೊತೆಗೆ ಹೋಗಬಹುದಾದದ್ದು ಇದೇ. ಡೆಕ್ಸ್‌ಟ್ರೋಸಿನ ಮಾತು ಬೇರೆ. ಅದರ ಸಕ್ಕರೆಯನ್ನು ಮೈ ಬಳಸಿಕೊಂಡ ಮೇಲೆ ಉಳಿಯುವುದು ನೀರು ಮಾತ್ರ. ಅದು ಜೀವಕೋಶಗಳೆಲ್ಲಕ್ಕೂ ಹಂಚಿಹೋಗುತ್ತದೆ. ಭೇದಿಯಿಂದ ಉಪ್ಪು ನೀರು ಎರಡನ್ನೂ ಕಳೆದುಕೊಂಡವನಿಗೆ ಇದೊಂದರಿಂದಲೇ ಕೆಲಸವಾಗದು. ಸಕ್ಕರೆ ಕಾಯಿಲೆಯವರಿಗಂತೂ ಕೇಳಿ ನೋಡಿಯೇ ಹಚ್ಚಬೇಕು. ಎರಡನ್ನೂ ಕೂಡಿಸಿದ ಡಿಎನ್‌ಎಸ್ ಎಂಬ ಬಾಟಲಿಯೂ ಉಂಟು.

ಮೂರನೆಯದು ರಿಂಗರ್ ಲ್ಯಾಕ್ಟೇಟ್. ದಾದಿಯರು ‘ಆರ್‌ಎಲ್’ ಎನ್ನುತ್ತಾರೆ. 1880ರ ಸುಮಾರಿಗೆ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯನು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪರೀಕ್ಷಿಸುತ್ತಿದ್ದನು. ಹೃದಯ ಬಹಳ ಹೊತ್ತು ಮಿಡಿಯಿತು. ವಿಚಾರಿಸಿದರೆ, ಶುದ್ಧ ನೀರಿನ ಬದಲು ನಲ್ಲಿಯ ನೀರು ಬಳಕೆಯಾಗಿತ್ತು! ಅದರೊಳಗಿನ ಸುಣ್ಣದ ಅಂಶವೇ ಮಿಡಿತಕ್ಕೆ ಕಾರಣವೆಂದು ಆತ ಕಂಡುಕೊಂಡನು. ಅಮೆರಿಕದ ಹಾರ್ಟ್‌ಮನ್ 1930ರ ದಶಕದಲ್ಲಿ ಅದಕ್ಕೆ ಲ್ಯಾಕ್ಟೇಟ್ ಕೂಡಿಸಿದನು. ಮೈಯಲ್ಲಿ ಏರಿದ ಹುಳಿಯನ್ನು ಅದು ತಗ್ಗಿಸುತ್ತದೆ. ಕಾಲರಾ, ಸುಟ್ಟಗಾಯ ಇವುಗಳಲ್ಲಿ ಇದು ಬೇಕು. ಇದರಲ್ಲಿ ಪೊಟ್ಯಾಸಿಯಮ್ ಇರುವುದರಿಂದ ಮೂತ್ರಪಿಂಡ ಕೆಟ್ಟವರ ವಿಷಯವನ್ನು ಮೊದಲೇ ಹೇಳಬೇಕು. ಶೇಕಡಾ 3ರ ಸಲಾಯಿನ್, ಮ್ಯಾನಿಟಾಲ್, ಆಲ್ಬುಮಿನ್ ಮೊದಲಾದವು ದೊಡ್ಡ ಕಾಯಿಲೆಯವು. ಅವನ್ನು ಇಲ್ಲಿಗೇ ಬಿಡುತ್ತೇನೆ.

ಈಗ ನನ್ನ ತಪ್ಪು. ಮಾವನವರ ಹೃದಯ ಮೊದಲೇ ದುರ್ಬಲ. ಒಂದು ಬಾಟಲಿ ಸಲಾಯಿನನ್ನು ಎಂಟು ಗಂಟೆಯಲ್ಲಿ ಬಿಡಬೇಕೆಂದು ಡಾಕ್ಟರು ಬರೆದಿದ್ದರು. ನಳಿಕೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. 500 ಮಿಲಿಲೀಟರಿಗೆ 10,000 ಹನಿ. ಎಂಟು ಗಂಟೆಗೆ 480 ನಿಮಿಷ. ನಿಮಿಷಕ್ಕೆ 21 ಹನಿ ಬೀಳಬೇಕು. ದಿನವಿಡೀ ಲೆಕ್ಕ ಬರೆಯುವ ನನಗೆ ಇದು ಹೊಳೆಯಲಿಲ್ಲ. ಬೆಳಿಗ್ಗೆ ಏಳಕ್ಕೆ ಕೆಲಸ. ಬಾಟಲಿ ಮುಗಿದರೆ ಒಂದು ಗಳಿಗೆ ಕಣ್ಣು ಮುಚ್ಚಬಹುದೆಂದು ಚಕ್ರ ತಿರುಗಿಸಿ ಹನಿಯನ್ನು ಧಾರೆ ಮಾಡಿದೆ. ಗಂಟೆಯೊಳಗೆ ಮಾವನವರಿಗೆ ಕೆಮ್ಮು ಹತ್ತಿತು. ಮಲಗಿ ಉಸಿರಾಡಲಾರದೆ ನನ್ನ ತೋಳು ಹಿಡಿದು ಎದ್ದು ಕುಳಿತರು. ದಾದಿ ಓಡಿಬಂದು ಚಕ್ರ ಮುಚ್ಚಿ, ಬೆನ್ನಿಗೆ ದಿಂಬು ಕೊಟ್ಟು, ಡಾಕ್ಟರನ್ನು ಕರೆಸಿದರು. ಆಮ್ಲಜನಕ ಕೊಟ್ಟು, ಮೂತ್ರ ಹೋಗುವ ಇಂಜೆಕ್ಷನ್ ಹಾಕಿದರು. ಮಾವ ಉಳಿದರು.

ಆ ತಾಯಿ ಕಲಬುರ್ಗಿ ಕಡೆಯವರು. ಬೆಳಗಿನ ಜಾವ ನನ್ನನ್ನು ಹೊರಗೆ ಕರೆದು, “ಅಣ್ಣಾ, ಗೇಟ್ ಪಾಸ್ ನೋಡದೆ ಗಿರಣಿಯಿಂದ ಒಂದು ಗಂಟು ಮಾಲು ಹೊರಗ ಬಿಡ್ತೀರೇನ್ರಿ? ಇದರ ಮ್ಯಾಲೂ ಚೀಟಿ ಅದ. ಓದ್ರಿ. ಚಕ್ರ ಮಾತ್ರ ಮುಟ್ಟಬ್ಯಾಡ್ರಿ” ಎಂದರು. ಮೇಲೆ ಹೇಳಿದ ಬಹಳಷ್ಟು ಸಂಗತಿಗಳನ್ನು ಅವರಿಂದಲೇ ಕಲಿತೆ. ಚೀಟಿಯಲ್ಲಿ ದ್ರವದ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಇರುತ್ತವೆ. ಬೆಳಕಿಗೆ ಹಿಡಿದರೆ ಒಳಗೆ ಕಸ ತೇಲಬಾರದು; ಬಾಟಲಿ ಸೋರಬಾರದು. ಸೂಜಿಯ ಜಾಗ ಬಾತರೆ, ಚಳಿ ನಡುಕ ಬಂದರೆ ಕೂಡಲೇ ದಾದಿಯನ್ನು ಕರೆಯಬೇಕು. ನಂಬರನ್ನು ಬರೆದಿಡುವುದೂ ವ್ಯರ್ಥವಲ್ಲ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟಿನ ಮೇಲೆ ಸಂಶಯ ಬಂದು, ಅದನ್ನು ಒದಗಿಸಿದ ಕಂಪನಿಯ ದ್ರವವನ್ನು ಕರ್ನಾಟಕ ಸರಕಾರ ತಡೆಹಿಡಿಯಿತು.

ಬಾಟಲಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಎಚ್ಚರ ತಪ್ಪಿದವನಿಗೆ, ಕುಡಿದದ್ದು ನಿಲ್ಲದವನಿಗೆ ಅದೇ ಜೀವ. 1832ರಲ್ಲಿ ಸ್ಕಾಟ್‌ಲೆಂಡಿನ ಲೀತ್ ಊರಿನಲ್ಲಿ ಥಾಮಸ್ ಲ್ಯಾಟಾ ಎಂಬ ವೈದ್ಯನು ಕಾಲರಾ ರೋಗಿಗಳ ನರಕ್ಕೆ ಉಪ್ಪುನೀರು ಬಿಟ್ಟು, ಸಾಯುತ್ತಿದ್ದವರಲ್ಲಿ ಕೆಲವರನ್ನು ಉಳಿಸಿದ್ದನು. ಆದರೆ ಬಾಯಿಂದ ಕುಡಿಯಬಲ್ಲವನಿಗೆ ಬೇರೆ ದಾರಿಯೂ ಉಂಟು. 1971ರಲ್ಲಿ ಬಂಗಾಳದ ಗಡಿಯ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಬಾಟಲಿಗಳು ತೀರಿಹೋದವು. ಆಗ ಡಾಕ್ಟರ್ ದಿಲೀಪ್ ಮಹಾಲನಬೀಸರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್ ಕೂಡಿಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 3-4ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಸರಕಾರ ಪದ್ಮವಿಭೂಷಣ ಸಲ್ಲಿಸಿತು.

ಅದೇ ಈಗಿನ ಓಆರ್‌ಎಸ್ ಪೊಟ್ಟಣ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಕ್ಕರೆ ಮಟ್ಟಸವಾಗಿ ಆರು ಚಹಾ ಚಮಚೆ, ಉಪ್ಪು ಅರ್ಧ ಚಮಚೆ. ಉಪ್ಪು ಹೆಚ್ಚಾಗಕೂಡದು. ವಾಚನಾಲಯದ ಕುಡಿಯುವ ನೀರಿನ ಹರವಿಯ ಮೇಲಿನ ಕಪಾಟಿನಲ್ಲಿ 40 ಪೊಟ್ಟಣ ಇಟ್ಟಿದ್ದೇವೆ. ಕೋಣೆಗಳಲ್ಲಿ ಒಂಟಿಯಾಗಿರುವವರು ಈಗಲೇ ಎರಡೆರಡು ಒಯ್ಯಬಹುದು. ಬೆಲೆಯಿಲ್ಲ, ಪುಸ್ತಕದ ರಿಜಿಸ್ಟರಿನ ಕೊನೆಯ ಪುಟದಲ್ಲಿ ಹೆಸರು ಬರೆದರೆ ಸಾಕು.