ಅರವತ್ತರ ಲೆಕ್ಕ

ಕನ್ನಡ ಸಾಹಿತ್ಯವನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು ಗಣಿತವನ್ನು ಕುರಿತು ಮಾತನಾಡಹೊರಡುವುದು ಅಧಿಕಪ್ರಸಂಗವೆನಿಸೀತು. ಆದರೆ ನನ್ನನ್ನು ಅತ್ತ ಎಳೆದುತಂದದ್ದು ವ್ಯಾಕರಣವೇ.

ನನ್ನ ಮೊಮ್ಮಗಳು ಒಂದು ಸಂಜೆ ಉತ್ತರಪತ್ರಿಕೆಯನ್ನು ಹಿಡಿದು ಅಳುಮೋರೆಯಿಂದ ಬಂದಳು. 12 ಮತ್ತು 30ರ ಲಘುತಮ ಸಾಮಾನ್ಯ ಅಪವರ್ತ್ಯವೆಷ್ಟೆಂದು ಕೇಳಿದ್ದರು. ಅವಳು 6 ಎಂದು ಬರೆದಿದ್ದಳು. "ತಾತ, ಲಘುತಮ ಅಂದರೆ ಎಲ್ಲಕ್ಕಿಂತ ಚಿಕ್ಕದು ಅಂತ ಹೇಳಿಕೊಟ್ಟವರು ನೀವೇ ಅಲ್ಲವೇ?" ಎಂದಳು. ಹೌದು, ನಾನೇ. ವಿಶೇಷಣದ ಅರ್ಥವನ್ನು ಹೇಳಿ ವಿಶೇಷ್ಯವನ್ನು ಮರೆತಿದ್ದೆ.

ಅಪವರ್ತನ, ಅಪವರ್ತ್ಯ: ಇವೆರಡಕ್ಕೂ ಇರುವುದು ಪ್ರತ್ಯಯವೊಂದರ ಅಂತರ. ಒಂದು ಸಂಖ್ಯೆಯನ್ನು ಶೇಷವುಳಿಯದಂತೆ ಭಾಗಿಸುವುದು ಅದರ ಅಪವರ್ತನ. ಆ ಸಂಖ್ಯೆಯಿಂದ ಶೇಷವಿಲ್ಲದೆ ಭಾಗಿಸಲ್ಪಡುವುದು ಅದರ ಅಪವರ್ತ್ಯ. 12ರ ಅಪವರ್ತನಗಳು 1, 2, 3, 4, 6, 12, ಅಷ್ಟೇ. ಅಪವರ್ತ್ಯಗಳೋ 12, 24, 36, 48, 60 ಎಂದು ಸಾಗುತ್ತವೆ; ಮಗ್ಗಿಪುಸ್ತಕ ಹತ್ತರಲ್ಲಿ ನಿಂತರೂ ಅವು ನಿಲ್ಲವು. ಸಾಮಾನ್ಯ ಅಪವರ್ತನಗಳಲ್ಲಿ ಅತಿ ಚಿಕ್ಕದು ಯಾವಾಗಲೂ 1. ಅದನ್ನು ಹುಡುಕಬೇಕಾದುದಿಲ್ಲ, ದೊಡ್ಡದನ್ನೇ ಹುಡುಕಬೇಕು. ಸಾಮಾನ್ಯ ಅಪವರ್ತ್ಯಗಳಲ್ಲಿ ಅತಿ ದೊಡ್ಡದೆಂಬುದೇ ಇಲ್ಲ. ಸೊನ್ನೆಯನ್ನು ಬಿಟ್ಟು ಮೊದಲು ಸಿಕ್ಕುವುದನ್ನು ಹಿಡಿಯಬೇಕು. ಆದುದರಿಂದಲೇ ಮಹತ್ತಮವು 6, ಲಘುತಮವು 60. ಹೆಸರಿಗೂ ಗಾತ್ರಕ್ಕೂ ಇರುವ ಈ ವಿರೋಧಾಭಾಸವೇ ಮಗುವನ್ನು ದಾರಿತಪ್ಪಿಸಿದ್ದು.

ಅರವತ್ತು ಎಂದೊಡನೆ ಸಂವತ್ಸರಚಕ್ರ ನೆನಪಾಯಿತು. ನಾನು ಹುಟ್ಟಿದ್ದು 1961ರ ಪ್ಲವದಲ್ಲಿ; ಅದೇ ಪ್ಲವ 2021ರಲ್ಲಿ ಮರಳಿತು. ಈ ಚಕ್ರದ ಮೂಲ ಗುರುಗ್ರಹದ ಗತಿ. ಗುರುವು ರಾಶಿಚಕ್ರವನ್ನು ಸುತ್ತಲು ಸುಮಾರು 12 ವರ್ಷ ಬೇಕು. ಶನಿಗೆ ಸುಮಾರು 30. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸುವ ಹೊತ್ತಿಗೆ ಇಬ್ಬರೂ ಹೊರಟ ಠಾವಿಗೆ ಬಂದಿರುತ್ತಾರೆ. ಹನ್ನೆರಡು ಮೂವತ್ತಲ 360 ವರ್ಷ ಕಾಯಬೇಕಿಲ್ಲ. ಎರಡರಲ್ಲೂ ಅಡಗಿರುವ 6ನ್ನು ಗುಣಾಕಾರವು ಎರಡು ಸಲ ಎಣಿಸಿಬಿಡುತ್ತದೆ. ಆಕಾಶವೇನೋ ಮಗ್ಗಿಯಷ್ಟು ಕಟ್ಟುನಿಟ್ಟಲ್ಲ. ಗುರುವಿನ ನಿಜವಾದ ಸುತ್ತು 11.86 ವರ್ಷ, ಶನಿಯದು 29.46. ಪೂರ್ಣಾಂಕಗಳು ನಾವು ಅವುಗಳ ಮೇಲೆ ಹೊದಿಸಿದ ಉತ್ತರೀಯ.

ಎರಡು ಸಲ ಎಣಿಸುವ ಈ ತಪ್ಪನ್ನು ತಪ್ಪಿಸುವ ಕ್ರಮವನ್ನು 9ನೆಯ ಶತಮಾನದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ. ನಮ್ಮ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ ಜೈನ ಗಣಿತಜ್ಞನೀತ. ಭಿನ್ನರಾಶಿಗಳನ್ನು ಕೂಡಲು ಬೇಕಾದ ಲಘುತಮಕ್ಕೆ ಅವನಿತ್ತ ಹೆಸರು 'ನಿರುದ್ಧ'. ಛೇದಗಳ ಸಾಮಾನ್ಯ ಅಪವರ್ತನವನ್ನು ತೆಗೆದು, ಉಳಿದ ಲಬ್ಧಗಳೊಡನೆ ಗುಣಿಸು ಎನ್ನುತ್ತಾನೆ. 12 ಮತ್ತು 30ರಿಂದ 6 ತೆಗೆದರೆ 2, 5 ಉಳಿಯುತ್ತವೆ. ಆರು ಎರಡಲ ಹನ್ನೆರಡು, ಹನ್ನೆರಡು ಐದಲ ಅರವತ್ತು. ಕವಿರಾಜಮಾರ್ಗವನ್ನು ವರ್ಷವರ್ಷವೂ ಪಾಠ ಹೇಳಿದ ನಾನು ಅದೇ ಆಸ್ಥಾನದೊಡನೆ ನಂಟಿದ್ದ ಈ ಗ್ರಂಥವನ್ನು ತೆರೆದದ್ದು ನಿವೃತ್ತನಾದ ಮೇಲೆ. ನಮ್ಮ ಸಾಹಿತ್ಯಚರಿತ್ರೆಯ ಪಾಠಗಳು ಇಂಥವನ್ನು ಒಂದು ವಾಕ್ಯದಲ್ಲಿ ದಾಟಿಹೋಗುತ್ತವೆ. ನಾನೂ ಹಾಗೆಯೇ ದಾಟಿದ್ದೆ.

ಮರುದಿನ ಮೊಮ್ಮಗಳು ಹನ್ನೆರಡನೆಯ ಒಂದಕ್ಕೆ ಮೂವತ್ತನೆಯ ಒಂದನ್ನು ತಾನಾಗಿಯೇ ಕೂಡಿ, 7/60 ಎಂದು ಬರೆದು ತಂದಳು. ಹೋದ ಅಂಕಗಳು ಮರಳಲಿಲ್ಲ. ಆದರೆ ಅದರ ಮಾತನ್ನು ಅವಳು ಎತ್ತಲಿಲ್ಲ.