ಮಳೆಯ ಲೆಕ್ಕ, ಮರಣದ ಲೆಕ್ಕ

(ಚೆಟ್ಟಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಭಾಗದ ಕಾಫಿ ಬೆಳೆಗಾರರು ಮಳೆಯನ್ನು ಇಂಚುಗಳಲ್ಲಿ ಅಳೆದು ಬರೆದಿಡುವ ಪದ್ಧತಿ ತಮಗೆಲ್ಲ ತಿಳಿದದ್ದೇ. ಹಲವು ವರ್ಷಗಳ ಸರಾಸರಿ ಕೈಯಲ್ಲಿರುವುದರಿಂದಲೇ ‘ಈ ಬಾರಿ ವಾಡಿಕೆಗಿಂತ ಹೆಚ್ಚು’ ಎಂದು ಅವರು ಹೇಳಬಲ್ಲರು. ಸಾಂಕ್ರಾಮಿಕ ರೋಗದ ಜೀವಹಾನಿಯನ್ನು ಗಣಿತಜ್ಞರು ಅಳೆಯುವ ಒಂದು ಮುಖ್ಯ ವಿಧಾನವೂ ಇದೇ. ಸಂಭವಿಸಿದ ಮರಣಗಳಿಂದ ವಾಡಿಕೆಯ ಮರಣಗಳನ್ನು ಕಳೆದರೆ ಉಳಿಯುವುದು ‘ಹೆಚ್ಚುವರಿ ಮರಣ’.

ಒಂದು ಕಾಲ್ಪನಿಕ ಪಂಚಾಯಿತಿಯನ್ನು ತೆಗೆದುಕೊಳ್ಳೋಣ. 2017ರಿಂದ 2019ರವರೆಗೆ ಅಲ್ಲಿ ಕ್ರಮವಾಗಿ 40, 44 ಮತ್ತು 42 ಮರಣಗಳು, ಸರಾಸರಿ 42. 2021ರಲ್ಲಿ 61. ಹೆಚ್ಚುವರಿ 19. ಅವುಗಳಲ್ಲಿ ಕೋವಿಡ್ ಎಂದು ದಾಖಲಾದವು 7 ಮಾತ್ರ. ಉಳಿದ 12ರಲ್ಲಿ ಪರೀಕ್ಷೆಯೇ ಆಗದ ಸೋಂಕಿತರು ಇರಬಹುದು, ವಾಹನ ದೊರೆಯದೆ ಡಯಾಲಿಸಿಸ್ ತಪ್ಪಿದವರೂ ಇರಬಹುದು. ಇಷ್ಟು ಸಣ್ಣ ಅಂಕಿಗಳಲ್ಲಿ ಏರಿಳಿತವು ಸಹಜವಾದುದರಿಂದ ತಾಲ್ಲೂಕಿನ ಲೆಕ್ಕವನ್ನು ಕೂಡಿಸಿ ನೋಡುವುದೇ ಸರಿ. ಭೂಕುಸಿತದ 2018ನ್ನು ಕೊಡಗಿನಲ್ಲಿ ವಾಡಿಕೆಯ ವರ್ಷವೆನ್ನಬಹುದೇ ಎಂಬ ಪ್ರಶ್ನೆಯೂ ಉಂಟು.

ಸೋಂಕನ್ನು ಮಾದರಿಯಿಂದ ಅಂದಾಜಿಸಬಹುದು. 2020ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ನಡೆಸಿದ ಸಮೀಕ್ಷೆಯು ಸುಮಾರು 16,000 ಜನರನ್ನು ಪರೀಕ್ಷಿಸಿ, ಶೇಕಡ 27.3ರಷ್ಟು ಜನರಿಗೆ ಸೋಂಕು ತಗುಲಿದೆ ಎಂದು ಅಂದಾಜಿಸಿತು. ಆದರೆ ಗ್ರಾಮದ ಮರಣಗಳನ್ನು ಒಂದೊಂದಾಗಿ ಎಣಿಸಲೇಬೇಕು. ಎಣಿಕೆ ಅಪೂರ್ಣವಾದಲ್ಲಿ ವಿವಾದ ತಪ್ಪದು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಮರಣಗಳಾದುವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಅಧಿಕೃತ ಕೋವಿಡ್ ಮರಣಗಳು ಸುಮಾರು 4.8 ಲಕ್ಷ. ಆ ಅಂದಾಜಿನ ವಿಧಾನವನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ.

ಇನ್ನೊಂದು ಎಚ್ಚರ. ಮೊದಲು ನೋಂದಣಿ ಸಡಿಲವಾಗಿದ್ದು, ಪರಿಹಾರಧನ ಘೋಷಣೆಯಾದ ಬಳಿಕ ಬಿಗಿಯಾದರೆ, ಸಾವು ಹೆಚ್ಚದಿದ್ದರೂ ಹೆಚ್ಚಿದಂತೆ ತೋರುವುದು. ಆದುದರಿಂದ ರೋಗವಿಲ್ಲದ ವರ್ಷದ ವಹಿಯೂ ಅಷ್ಟೇ ಮುಖ್ಯ.

ತೋಟದ ಲೈನ್ ಮನೆಗಳಲ್ಲಿ ತೀರಿಕೊಂಡ ಹೊರ ಜಿಲ್ಲೆಯ ಕಾರ್ಮಿಕರು, ಹಾಡಿಗಳ ಹಿರಿಯರು, ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಶಿಶುಗಳು: ವಹಿಯಿಂದ ಜಾರಿಹೋಗುವವರು ಬಹುತೇಕ ಇವರೇ. ಪತ್ರವಿಲ್ಲದ ಸಾವಿಗೆ 50,000 ರೂಪಾಯಿಯ ಕೋವಿಡ್ ಪರಿಹಾರವನ್ನು ಕೋರುವುದೂ ಕಷ್ಟವಾಗಿತ್ತು. ಮರಣವನ್ನು 21 ದಿನಗಳೊಳಗೆ ತಿಳಿಸಬೇಕೆಂದು 1969ರ ಕಾಯ್ದೆ ಹೇಳುತ್ತದೆ. ತಮ್ಮ ವಾರ್ಡಿನ ಪ್ರತಿ ಲೈನ್ ಮನೆ, ಪ್ರತಿ ಹಾಡಿಯಲ್ಲಿ ಕಳೆದ ಒಂದು ವರ್ಷದಲ್ಲಿ ತೀರಿಕೊಂಡವರ ಹೆಸರುಗಳನ್ನು ಆಶಾ ಕಾರ್ಯಕರ್ತೆಯರೊಡನೆ ಕುಳಿತು ನೋಂದಣಿ ವಹಿಯೊಂದಿಗೆ ತಾಳೆ ನೋಡಿ, ಬಿಟ್ಟುಹೋದವನ್ನು ಮುಂದಿನ ಸಾಮಾನ್ಯ ಸಭೆಗೆ ತರಬೇಕೆಂದು ಕೋರುತ್ತೇನೆ.